ಅದು ಖಾಲಿ ಜಾಗವಲ್ಲ, ಕಾವಲು

ಜೂನ್ ಐದು ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಪರಿಸರ ದಿನದ ಚಿತ್ರಕಲಾ ಸ್ಪರ್ಧೆ ಇದ್ದದ್ದೇ. ಕೆಲವು ವರ್ಷಗಳ ಹಿಂದೆ ಅಂಥದ್ದೊಂದು ಸ್ಪರ್ಧೆಗೆ ತೀರ್ಪುಗಾರರಾಗಿ ನಮ್ಮನ್ನೂ ಕರೆದಿದ್ದರು. ಯಾವ ಊರು, ಯಾವ ಶಾಲೆ ಎಂಬುದು ಇಲ್ಲಿ ಮುಖ್ಯವಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿಗೆ ಹೋಗಿದ್ದರೂ ಕಾಣುತ್ತಿದ್ದುದು ಅದೇ. ಮೇಜಿನ ಮೇಲೆ ಎಪ್ಪತ್ತು ಎಂಬತ್ತು ಹಾಳೆಗಳು. ಹೆಚ್ಚುಕಡಿಮೆ ಎಲ್ಲದರಲ್ಲೂ ಎರಡು ಬೆಟ್ಟ, ನಡುವೆ ಮೂಡುವ ಸೂರ್ಯ, ಬೆಟ್ಟದಿಂದ ಇಳಿಯುವ ಹೊಳೆ, ಹೊಳೆಯ ದಡದಲ್ಲೊಂದು ಗುಡಿಸಲು, ಉಳಿದ ಜಾಗಕ್ಕೆಲ್ಲ ಹಸಿರು.

ಒಂದು ಹಾಳೆ ಮಾತ್ರ ಬೇರೆಯಾಗಿತ್ತು. ಕೆಳಗೆ ಒಣಹುಲ್ಲಿನ ಬಣ್ಣ, ಮೇಲೆ ಮೋಡವಿಲ್ಲದ ಆಕಾಶ. ದೂರದಲ್ಲಿ ಚುಕ್ಕಿಗಳ ಹಾಗೆ ಆರೇಳು ದನ, ಒಂದು ಜಾಲಿಗಿಡ. ಅಷ್ಟೇ. "ಹಿನ್ನೆಲೆ ತುಂಬಿಲ್ಲ, ಹಸಿರೇ ಇಲ್ಲ, ಪರಿಸರ ದಿನಕ್ಕೆ ಇದೇನು?" ಎಂದರು ಜೊತೆಯಲ್ಲಿದ್ದವರು. ನಾವೂ ತಲೆಯಾಡಿಸಿ ಅಂಕ ಕಡಿಮೆ ಹಾಕಿದೆವು. ಆ ಹುಡುಗನಿಗೆ ಸಮಾಧಾನಕರ ಬಹುಮಾನವೂ ಸಿಗಲಿಲ್ಲ. ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯಾಚೆ ಮೈಲುಗಟ್ಟಲೆ ಕಂಡದ್ದು ಆ ಹುಡುಗ ಬರೆದ ಚಿತ್ರವೇ. ಎಂಬತ್ತು ಮಕ್ಕಳಲ್ಲಿ ತನ್ನೂರನ್ನು ನೋಡಿ ಬರೆದವನು ಅವನೊಬ್ಬನೇ. ಅವನನ್ನೇ ನಾವು ಸೋಲಿಸಿ ಬಂದಿದ್ದೆವು.

ಇದನ್ನು ಇಲ್ಲಿ ಬರೆಯುತ್ತಿರುವುದು ಪಶ್ಚಾತ್ತಾಪಕ್ಕಲ್ಲ. ಆ ದಿನ ನಮ್ಮ ಕಣ್ಣಿಗೆ ಕವಿದಿದ್ದ ಪೊರೆ ನಮ್ಮೊಬ್ಬರದೇ ಆಗಿರಲಿಲ್ಲ. ಸರ್ಕಾರದ ಕಡತಕ್ಕೂ, ಬೆಂಗಳೂರಿನ ಗ್ಯಾಲರಿಗೂ, ನಮ್ಮ ಊರಿನ ಗೋಡೆಗಳ ಮೇಲಿನ ಕ್ಯಾಲೆಂಡರಿಗೂ ಅದೇ ಪೊರೆ ಇದೆ. ಇಂದು ಕಲಾಪ್ರದರ್ಶನಗಳಲ್ಲಿ 'ಪ್ರಕೃತಿ', 'ನೆಲದ ನೆನಪು', 'ಸಾಮಾಜಿಕ ಅರಿವು' ಎಂಬ ಮಾತುಗಳಿಗೆ ಬರವಿಲ್ಲ. ಸಂತೋಷ. ಆದರೆ ನಾವು ಕೇಳುವುದಿಷ್ಟೇ: ಯಾವ ಪ್ರಕೃತಿ? ಯಾರ ನೆಲ? ಅದನ್ನು ನೋಡಲು ಕರೆಯುತ್ತಿರುವುದು ಯಾರನ್ನು?

ಮೊದಲು ಆ 'ಖಾಲಿ ಜಾಗ'ದ ಕತೆ ಹೇಳಬೇಕು. ನಮ್ಮ ಸೀಮೆಯಲ್ಲಿ ಅದಕ್ಕೆ ಕಾವಲು ಎಂದು ಹೆಸರು. ಕಾಯ್ದುಕೊಂಡದ್ದು ಎಂಬ ಅರ್ಥ ಆ ಮಾತಿನಲ್ಲೇ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ ಹದಿನೇಳನೆಯ ಶತಮಾನದ ಕೊನೆಯಲ್ಲಿ, ಅರಮನೆಯ ದನಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆ ನಡೆಯುತ್ತಿತ್ತು. ಹೈದರಾಲಿ ಆ ದನಗಳನ್ನು ಸೈನ್ಯದ ಬೆನ್ನೆಲುಬಾಗಿ ಮಾಡಿಕೊಂಡ. ಟಿಪ್ಪು ಸುಲ್ತಾನ ಬೆಣ್ಣೆ ಚಾವಡಿಗೆ 'ಅಮೃತಮಹಲ್' ಎಂದು ಹೆಸರಿಟ್ಟು, ದನಗಳ ಪಾಲನೆಗೆ ಕಟ್ಟುನಿಟ್ಟಿನ ಹುಕುಂನಾಮೆ ಹೊರಡಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಈ ವ್ಯವಸ್ಥೆಯನ್ನು ಹಾಳುಮಾಡದೆ ತಮ್ಮ ಫಿರಂಗಿ ಎಳೆಸಲು ಇಟ್ಟುಕೊಂಡರು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿದರು. ಕೆಲವೇ ವರ್ಷಗಳಲ್ಲಿ ತಪ್ಪು ಅರಿವಾಗಿ ಮತ್ತೆ ದನ ಕೂಡಿಸಬೇಕಾಯಿತು.

ಆ ದನಗಳು ಮೇಯುತ್ತಿದ್ದುದು ಕಾವಲುಗಳಲ್ಲಿ. ಮಳೆಗಾಲಕ್ಕೆ ಒಂದು ಕಾವಲು, ಚಳಿಗಾಲಕ್ಕೆ ಇನ್ನೊಂದು, ಬೇಸಿಗೆಗೆ ನೀರು ನೆರಳು ಇದ್ದ ಮತ್ತೊಂದು. ಒಂದು ಕಡೆ ದನ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರುತ್ತಿತ್ತು. ಸೇರ್ವೆಗಾರರು, ದನಗಾಹಿಗಳು ಮಂದೆಯ ಜೊತೆ ನಡೆಯುತ್ತಿದ್ದರು. ಅಂದರೆ ಇದು ದೇವರು ಬಿಟ್ಟ ಬಯಲಲ್ಲ. ಮುನ್ನೂರು ವರ್ಷ ಲೆಕ್ಕವಿಟ್ಟು ಮೇಯಿಸಿ, ಲೆಕ್ಕವಿಟ್ಟು ಬಿಡುವು ಕೊಟ್ಟು ಉಳಿಸಿಕೊಂಡ ನೆಲ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ 1929ರಿಂದ ಇದೆ. ಬೀರೂರಿನಲ್ಲಿ ಹೋರಿಕರುಗಳ ಹರಾಜು ನಡೆದಾಗ ದೂರದೂರದ ಜಿಲ್ಲೆಗಳಿಂದ ರೈತರು ಬಂದು ಕೂಗುತ್ತಾರೆ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗ, ತೋಳಗಳಿವೆ. 2011ರಲ್ಲಿ ಅದರ 7.36 ಚದರ ಕಿಲೋಮೀಟರನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು.

ಹಿಂದೆ ಹಳೆ ಮೈಸೂರಿನ ಜಿಲ್ಲೆಗಳಲ್ಲೆಲ್ಲ ಸೇರಿ ಕಾವಲುಗಳು ನಾಲ್ಕು ಲಕ್ಷ ಎಕರೆಯಷ್ಟಿದ್ದವು. ಇಂದು ಅದರಲ್ಲಿ ಐದನೇ ಒಂದು ಪಾಲೂ ಉಳಿದಿಲ್ಲ. ಎಲ್ಲಿ ಹೋಯಿತು ಈ ನೆಲ? ಕೆಲವು ಉಳುಮೆಗೆ, ಕೆಲವು ನೀಲಗಿರಿ ತೋಪಿಗೆ, ಕೆಲವು ಸರ್ಕಾರದ ಯೋಜನೆಗಳಿಗೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸುಮಾರು ಹತ್ತು ಸಾವಿರ ಎಕರೆ ಕಾವಲು ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಅಲ್ಲಿನ ಹಳ್ಳಿಯವರಿಗೆ ಅದು ಸರಿಯಾಗಿ ಗೊತ್ತಾದದ್ದು ಗೋಡೆ ಎದ್ದ ಮೇಲೆ. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಒಂದು ನೆಲವನ್ನು ಹೀಗೆ ಸುಲಭವಾಗಿ ಎತ್ತಿಕೊಡಬೇಕಾದರೆ ಮೊದಲು ಅದನ್ನು ಖಾಲಿ ಎಂದು ತೋರಿಸಬೇಕು. ಕೇಂದ್ರ ಸರ್ಕಾರ 2000ದಿಂದ ಪ್ರಕಟಿಸುತ್ತ ಬಂದಿರುವ ಪಾಳುಭೂಮಿಗಳ ನಕ್ಷಾಸಂಪುಟದಲ್ಲಿ ಕುರುಚಲು ಕಾಡು, ಸೊರಗಿದ ಗೋಮಾಳ ಎಲ್ಲವೂ 'ಪಾಳು' ಎಂಬ ಹೆಸರಿನಡಿ ಬರುತ್ತವೆ. ಪಾಳು ಎಂದ ಮೇಲೆ ಅಲ್ಲಿ ಮೇಯುವ ಕುರಿಯೂ ಇಲ್ಲ, ಕುರಿ ಕಾಯುವವನೂ ಇಲ್ಲ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಯೂ ಇಲ್ಲ. ನಕ್ಷೆಯೂ ಒಂದು ಚಿತ್ರವೇ ತಾನೆ? ಆ ಚಿತ್ರ ಬರೆದವರ ಕಣ್ಣಿಗೂ, ಹುಡುಗನ ಹಾಳೆಯಲ್ಲಿ 'ಹಿನ್ನೆಲೆ ತುಂಬಿಲ್ಲ' ಎಂದ ನಮ್ಮ ಕಣ್ಣಿಗೂ ಏನು ವ್ಯತ್ಯಾಸ?

ಈ ಕಣ್ಣು ನಮಗೆ ಬಂದದ್ದು ಎಲ್ಲಿಂದ? ಮೈಸೂರು ಸೀಮೆಯ ಭೂದೃಶ್ಯಗಳನ್ನು ಅಚ್ಚುಹಾಕಿ ಜಗತ್ತಿಗೆ ತೋರಿಸಿದವರಲ್ಲಿ ಮೊದಲಿಗರು ಇಂಗ್ಲಿಷ್ ಸೈನ್ಯದ ಜೊತೆ ಬಂದವರು. ರಾಬರ್ಟ್ ಹೋಮ್ ಎಂಬ ಚಿತ್ರಕಾರ ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದೊಂದಿಗಿದ್ದು, 1794ರಲ್ಲಿ ಮೈಸೂರಿನ ದೃಶ್ಯಗಳ ಸಂಪುಟ ಹೊರತಂದ. ಕೋಲ್‌ಬ್ರೂಕ್ ಎಂಬ ಸೇನಾಧಿಕಾರಿಯೂ ಅಂಥದೇ ಸಂಪುಟ ಮಾಡಿದ. ಅವರ ಕಣ್ಣು ಹೋದದ್ದು ಕೋಟೆಗಳ ಮೇಲೆ, ಬಂಡೆಬೆಟ್ಟಗಳ ಮೇಲೆ. ಗೆದ್ದ ಜಾಗ, ಗೆಲ್ಲಬೇಕಾದ ಜಾಗ ಅವರಿಗೆ 'ದೃಶ್ಯ'. ಕೋಟೆಯವರೆಗೆ ಫಿರಂಗಿ ಎಳೆದುತಂದ ಎತ್ತು, ಎತ್ತಿಗೆ ಹುಲ್ಲು ಕೊಟ್ಟ ಬಯಲು ದೃಶ್ಯವಾಗಲಿಲ್ಲ.

ಆಮೇಲೆ ಬಂದ ನಮ್ಮ ದೊಡ್ಡ ಕಲಾವಿದರ ಮೇಲೆ ನಮಗೆ ಗೌರವವಿದೆ. ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲಿನ ಮಂಜನ್ನು ಜಲವರ್ಣದಲ್ಲಿ ಹಿಡಿದ ಬಗೆ ಯಾರಿಗೆ ಬಂದೀತು? ಬೆಂಗಳೂರಿನ ಹೂಮರಗಳನ್ನು ರುಮಾಲೆ ಚೆನ್ನಬಸವಯ್ಯನವರಂತೆ ಕಂಡವರು ಯಾರು? ಆದರೆ ಅವರ ನಂತರ ಬಂದವರು ಅವರ ಕಣ್ಣನ್ನು ಬಿಟ್ಟು ಅವರ ವಿಷಯವನ್ನಷ್ಟೇ ಹಿಡಿದುಕೊಂಡರು. ಪ್ರಕೃತಿ ಎಂದರೆ ತಂಪು, ಮಂಜು, ಹಸಿರು ಎಂಬುದು ಗಟ್ಟಿಯಾಯಿತು. 1947ರವರೆಗೆ ನಮ್ಮ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಈಗ ಚಿಕ್ಕಮಗಳೂರು ಜಿಲ್ಲೆಯ ಚಿತ್ರ ಎಂದರೆ ಮುಳ್ಳಯ್ಯನಗಿರಿ, ಕಾಫಿ ತೋಟ, ಹೆಬ್ಬೆ ಜಲಪಾತ. ಬಯಲಿನ ಕಡೂರಿಗೆ ಹೆಸರೂ ಹೋಯಿತು, ಚಿತ್ರವೂ ಹೋಯಿತು.

ಇಂದಿನ ಸಮಕಾಲೀನ ಕಲೆ ಈ ತಪ್ಪನ್ನು ತಿದ್ದಬಹುದಿತ್ತು. ತಿದ್ದುವ ಶಕ್ತಿ ಅದಕ್ಕಿದೆ ಎಂಬುದಕ್ಕೆ ಸಾಕ್ಷಿ ದೂರದಲ್ಲೇನೂ ಇಲ್ಲ. ತರೀಕೆರೆಯ ನೆರೆಯ ಊರಾದ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಇಂದು ಜಗತ್ತು ಬಲ್ಲ ಕಲಾವಿದೆ. 1992ರ ಆ ಕೆಟ್ಟ ದಿನಗಳಲ್ಲಿ, ದೇಶ ಹೊತ್ತಿ ಉರಿಯುತ್ತಿದ್ದಾಗ, ಅವರು ಬಣ್ಣ ಬಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ಪೂಜೆಗೂ ಒಲೆಗೂ ನೆಲ ಸಾರಿಸಲಿಕ್ಕೂ ಬೇಕಾದ ಸಗಣಿ ಅವರ ಕೈಯಲ್ಲಿ ಪ್ರಶ್ನೆಯಾಯಿತು. 2012ರಲ್ಲಿ ಕೊಚ್ಚಿಯ ಮೊದಲ ಬಿನಾಲೆಯಲ್ಲಿ, ಬೆಂಗಳೂರಿನ ಮನೆಗಳು ಬೀದಿಗೆಸೆದ ಸುಮಾರು 170 ರುಬ್ಬುವ ಕಲ್ಲುಗಳನ್ನು ತಂದು ಕ್ರಿಸ್ಟೋಫ್ ಸ್ಟೋರ್ಜ್ ಅವರೊಡನೆ ಪ್ರದರ್ಶಿಸಿದರು. ಮಿಕ್ಸಿ ಬಂದ ಮೇಲೆ ಹಿತ್ತಲಿಗೆ ಉರುಳಿದ ಕಲ್ಲು ಯಾವ ಮನೆಯಲ್ಲಿಲ್ಲ? ಬೀರೂರಿನ ಯಾವ ಅಜ್ಜಿಗೂ, ಅಜ್ಜಂಪುರದ ಯಾವ ನಾನಿಗೂ ಆ ಕಲೆಯನ್ನು ವಿವರಿಸಬೇಕಾಗಿರಲಿಲ್ಲ. ಅವರು ಕಲ್ಲಿನ ಮೇಲೆ ಕೈಯಿಟ್ಟು ಒಂದು ಗಂಟೆ ಮಾತಾಡುತ್ತಿದ್ದರು. ಆದರೆ ಕಲ್ಲು ಕೊಚ್ಚಿಗೆ ಹೋಯಿತು. ಅಜ್ಜಿ ಇಲ್ಲೇ ಉಳಿದಳು.

ನಮ್ಮ ತಕರಾರು ಕಲಾವಿದೆಯ ಮೇಲಲ್ಲ. ಕರೆದ ಕಡೆ ಕಲಾವಿದರು ಹೋಗುತ್ತಾರೆ. ನಾವು ಕರೆದೆವೇ? ಬೆಂಗಳೂರಿನ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ಚಿತ್ರಸಂತೆ ನಡೆಸುತ್ತದೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ವೆಂಕಟಪ್ಪ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದರ ಕೈಗೆ ಕೊಡಲು ಹೊರಟಾಗ 2016ರಲ್ಲಿ ಕಲಾವಿದರು ಬೀದಿಗಿಳಿದರು. ಒಳ್ಳೆಯದನ್ನೇ ಮಾಡಿದರು, ಸಾರ್ವಜನಿಕ ಆಸ್ತಿ ಸಾರ್ವಜನಿಕರದಾಗಿಯೇ ಇರಬೇಕು. ಆದರೆ ಒಂದು ಗ್ಯಾಲರಿಗಾಗಿ ಬೀದಿಗಿಳಿದವರಿಗೆ, ನಾಲ್ಕು ಲಕ್ಷ ಎಕರೆಯ ಸಾರ್ವಜನಿಕ ಹುಲ್ಲುಗಾವಲು ಹಾಳಾದದ್ದು ಕಲೆಯ ಪ್ರಶ್ನೆಯಾಗಿ ಏಕೆ ಕಾಣಲಿಲ್ಲ? ನಮ್ಮ ತಾಲ್ಲೂಕುಗಳ ನೆಲದ ನೋವು ಬೆಂಗಳೂರಿನ ಬಿಳಿ ಗೋಡೆಗೆ ವಿಷಯವಾಗಬಹುದು. ಆದರೆ ನೋಡುಗರಾಗಿ ನಾವು ಬೇಡವೇ?

ಇನ್ನು ನಮ್ಮಲ್ಲೇ ನಡೆಯುವ ಪ್ರದರ್ಶನಗಳನ್ನು ನೋಡಿ. ಅಕ್ಟೋಬರಿನ ವನ್ಯಜೀವಿ ಸಪ್ತಾಹಕ್ಕೆ ಭದ್ರಾ ಕಾಡಿನ ಹುಲಿ, ಆನೆಗಳ ದೊಡ್ಡ ದೊಡ್ಡ ಫೋಟೋಗಳು. ಚೆನ್ನಾಗಿಯೇ ಇರುತ್ತವೆ. ಆದರೆ ಅವುಗಳಲ್ಲಿ ಒಬ್ಬ ಮನುಷ್ಯನೂ ಇರುವುದಿಲ್ಲ. 2001-02ರಲ್ಲಿ ಅದೇ ಕಾಡಿನಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಎದ್ದು ಬಂದವು. ಅವರಲ್ಲಿ ಹೆಚ್ಚಿನವರು ನೆಲೆಯಾದದ್ದು ಇದೇ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ದೇಶದಲ್ಲಿ ಚೆನ್ನಾಗಿ ನಡೆದ ಪುನರ್ವಸತಿಗಳಲ್ಲಿ ಅದೂ ಒಂದೆಂದು ಬಲ್ಲವರು ಹೇಳುತ್ತಾರೆ. ಇರಬಹುದು, ನಾವು ಅಲ್ಲಗಳೆಯುವುದಿಲ್ಲ. ಆದರೂ ಬಿಟ್ಟುಬಂದ ಮನೆಯ ಅಡಿಪಾಯ, ಬಾವಿ, ಗದ್ದೆಬದು, ಸತ್ತವರ ಸಮಾಧಿ ಇವೂ ಆ ಕಾಡಿನ ಚರಿತ್ರೆಯೇ. ಹುಲಿಯ ಫೋಟೋದ ಪಕ್ಕ ಅದಕ್ಕೊಂದು ಚೌಕಟ್ಟು ಇದ್ದರೆ ಹುಲಿಗೇನೂ ಅವಮಾನವಾಗುವುದಿಲ್ಲ. ಹಾಗೆಯೇ ಇಂದು ಭದ್ರಾ ಮೇಲ್ದಂಡೆ ಯೋಜನೆಗಾಗಿ ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರು ಸುರಂಗ ಕೊರೆದಾಗಿದೆ, ಕಾಲುವೆ ಅಗೆದಾಗಿದೆ. ಬರದ ಸೀಮೆಗೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕಣ್ಣೆದುರಿಗೇ ನೆಲದ ಮುಖ ಹೀಗೆ ಬದಲಾಗುತ್ತಿರುವಾಗ, ಮುಂದಿನವರಿಗೆ ತೋರಿಸಲು ಅದರ ಹಳೆಯ ಮುಖವನ್ನು ಬರೆದಿಟ್ಟವರು ಯಾರು?

ಇನ್ನೊಂದು ಕಹಿ ಮಾತನ್ನೂ ಹೇಳಿಬಿಡಬೇಕು. ಈ ರಾಜ್ಯದಲ್ಲಿ ಚಿತ್ರಗಳಿಗಾಗಿ ಜಗಳವೇನೂ ಕಡಿಮೆಯಾಗಿಲ್ಲ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಆ ವರ್ಷಗಳಲ್ಲಿ ಟಿಪ್ಪುವಿನ ಭಾವಚಿತ್ರವನ್ನು ಹೊತ್ತವರೂ ಹರಿದವರೂ ಬಡಿದಾಡಿದರು. 2020ರಲ್ಲಿ ಗೋಹತ್ಯಾ ನಿಷೇಧದ ಹೊಸ ಕಾಯ್ದೆ ಬಂತು. ಗೋವಿನ ಚಿತ್ರ ಗೋಡೆಗೋಡೆಯ ಮೇಲೆ ಬಂತು. ಟಿಪ್ಪುವನ್ನು ಹೊಗಳುವ ನಮ್ಮವರನ್ನು ಕೇಳುತ್ತೇವೆ: ಆತ ಹೆಸರಿಟ್ಟ ಅಮೃತಮಹಲಿನ ಕಾವಲು ಈಗ ಎಷ್ಟು ಎಕರೆ ಉಳಿದಿದೆ, ನಿಮಗೆ ಗೊತ್ತೆ? ಗೋಮಾತೆ ಎನ್ನುವ ಅಣ್ಣಂದಿರನ್ನು ಕೇಳುತ್ತೇವೆ: ಆ ತಾಯಿ ಮೇಯುತ್ತಿದ್ದ ಹುಲ್ಲಿಗೆ ಬೇಲಿ ಬಿದ್ದಾಗ ನೀವು ಎಲ್ಲಿದ್ದಿರಿ? ದೊರೆಯ ಚಿತ್ರ ಇವರಿಗೆ, ದನದ ಚಿತ್ರ ಅವರಿಗೆ. ದೊರೆಯೂ ದನವೂ ನಿಂತಿದ್ದ ನೆಲದ ಚಿತ್ರ ಮಾತ್ರ ಯಾರಿಗೂ ಬೇಡ. ಆ ನೆಲದಲ್ಲಾದರೆ ಗೊಲ್ಲರು, ಕುರುಬರು, ಲಂಬಾಣಿಗರು, ದನದ ವ್ಯಾಪಾರದ ಸಾಬರು ಎಲ್ಲರ ಹೆಜ್ಜೆಗಳೂ ಇವೆ. ಜಗಳವಾಡಲು ಅದು ಅನುಕೂಲದ ಚಿತ್ರವಲ್ಲ. ಅದಕ್ಕೇ ಇರಬೇಕು ಅದನ್ನು ಯಾರೂ ಬರೆಯುತ್ತಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ಮಾತು ಬರುತ್ತದೆ: "ಚಿತ್ರ ಬರೆಯುವುದು ನಮ್ಮಲ್ಲಿ ಇಲ್ಲ." ಚಿತ್ರಕ್ಕೆ ಕೈ ಹಚ್ಚಿದ ಮಗುವಿನಿಂದ ಬಣ್ಣದ ಡಬ್ಬಿ ಕಿತ್ತುಕೊಳ್ಳುವವರು ಇಬ್ನ್ ಅಬ್ಬಾಸರ ಬಗ್ಗೆ ಹದೀಸ್ ಗ್ರಂಥಗಳಲ್ಲಿರುವ ವರದಿಯನ್ನಾದರೂ ಓದಬೇಕು. ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದವನೊಬ್ಬ ಬಂದು ಕೇಳಿದಾಗ, ಗಿಡಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆದುಕೋ ಎಂದು ಅವರು ದಾರಿ ತೋರಿಸಿದರು. ಜೀವಿಗಳ ಚಿತ್ರದ ಬಗ್ಗೆ ವಿದ್ವಾಂಸರ ಚರ್ಚೆ ಅವರಿಗಿರಲಿ. ಹುಲ್ಲಿಗೆ, ಮಣ್ಣಿಗೆ, ಬಯಲಿಗೆ ಅಡ್ಡಿಯೇನಿದೆ? ಅತ್ಯಂತ ಕಟ್ಟುನಿಟ್ಟಿನ ಮನೆಯ ಮಗಳೂ ಕಾವಲನ್ನು ಬರೆಯಬಹುದು. ಬರೆಯಲಿ.

ಇನ್ನು ನಮ್ಮನ್ನು ತಡೆದು ಕೇಳುವವರಿದ್ದಾರೆ, ಅವರ ಮಾತಿಗೂ ಉತ್ತರ ಕೊಡಬೇಕು. ಕಾವಲಿನ ಅಂಚಿನಲ್ಲಿ ಎರಡು ಎಕರೆ ಉಳುಮೆ ಮಾಡಿಕೊಂಡ ಭೂಹೀನನ ಗತಿಯೇನು, ಅವನೂ ಕಳ್ಳನೇ ಎಂದು ಕೇಳುತ್ತಾರೆ. ಖಂಡಿತ ಅಲ್ಲ. ತುಂಡುನೆಲಕ್ಕಾಗಿ ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವವನನ್ನೂ, ಒಂದೇ ಸಹಿಯಲ್ಲಿ ಸಾವಿರ ಎಕರೆ ಪಡೆಯುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಅವನ ಕತೆಯೂ ಈ ನೆಲದ ಚರಿತ್ರೆಯ ಭಾಗ, ಪ್ರದರ್ಶನದಲ್ಲಿ ಅವನ ಅರ್ಜಿಯ ನಕಲಿಗೂ ಜಾಗವಿರಬೇಕು. ಚಿತ್ರದಿಂದ ಹೊಟ್ಟೆ ತುಂಬುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ತುಂಬುವುದಿಲ್ಲ. ಆದರೆ 'ಪಾಳು' ಎಂಬ ಒಂದು ಚಿತ್ರದಿಂದ ಸಾವಿರಾರು ಕುರಿಗಳ, ದನಗಳ ಹೊಟ್ಟೆ ಖಾಲಿಯಾದದ್ದನ್ನು ಕಂಡಿದ್ದೇವೆ. ಸುಳ್ಳು ಚಿತ್ರಕ್ಕೆ ಅಷ್ಟು ಬಲವಿದ್ದರೆ ನಿಜವಾದ ಚಿತ್ರಕ್ಕೆ ಸ್ವಲ್ಪವಾದರೂ ಇರಲೇಬೇಕು.

ಹಾಗಾದರೆ ಆಗಬೇಕಾದದ್ದೇನು? ದೊಡ್ಡ ಮಾತು ಬೇಡ. ಈ ಮೂರು ಊರುಗಳಲ್ಲಿ ಒಂದು ಪ್ರದರ್ಶನ ಆಗಲಿ. ಗ್ಯಾಲರಿ ಇಲ್ಲವೆಂಬ ನೆಪ ಬೇಡ. ಕೊಚ್ಚಿಯ ಬಿನಾಲೆ ನಡೆಯುವುದೂ ಹಳೆಯ ಮಳಿಗೆ, ಗೋದಾಮುಗಳಲ್ಲೇ. ಬೀರೂರಿನಲ್ಲಿ ಕೊಬ್ಬರಿ, ಅಡಿಕೆಯ ಗೋದಾಮುಗಳಿಗೆ ಕೊರತೆಯೇ? ತರೀಕೆರೆಯಲ್ಲಿ ಶಾಲೆಯ ಸಭಾಂಗಣ, ಅಜ್ಜಂಪುರದಲ್ಲಿ ಸಂತೆ ಮೈದಾನ ಸಾಲದೇ? ಲಲಿತಕಲಾ ಅಕಾಡೆಮಿ ಒಂದು ಶಿಬಿರವನ್ನು ಗಿರಿಧಾಮದ ಬದಲು ಕಾವಲಿನ ಅಂಚಿನಲ್ಲಿ ಮಾಡಲಿ. ಕಲಾವಿದರು ಎರಡು ದಿನ ಬಂದು ಬಿಸಿಲಿಗೆ ಬೈದುಕೊಂಡು ಹೋಗದೆ, ಮಳೆಗಾಲದಲ್ಲೊಮ್ಮೆ, ಹುಲ್ಲು ಕೆಂಪಾಗುವ ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಬರಲಿ. ಅವರು ಮಾಡಿದ ಕೃತಿಗಳನ್ನು ಮೊದಲು ಇಲ್ಲಿ ತೋರಿಸಲಿ, ಬೆಂಗಳೂರು ಆಮೇಲೆ ನೋಡಲಿ.

ಚಿತ್ರಗಳ ಜೊತೆ ಹಳೆಯ ಸರ್ವೆ ನಕ್ಷೆ ಇರಲಿ, ಮಂದೆಗಳ ದಾಖಲೆ ಇರಲಿ, ದನದ ಗಂಟೆ, ಹಗ್ಗ, ಕಂಬಳಿ ಇರಲಿ. ಕರಡ ಹುಲ್ಲಿನ ಒಂದು ಬುಡವನ್ನು ಬೇರುಸಹಿತ ಕಿತ್ತು ಗಾಜಿನಲ್ಲಿಡಿ. ಆ ಹುಲ್ಲಿನ ಸಂಪತ್ತೆಲ್ಲ ನೆಲದ ಕೆಳಗಿದೆ, ಅದು ಮಣ್ಣನ್ನೂ ಮಳೆನೀರನ್ನೂ ಹಿಡಿದಿಟ್ಟುಕೊಳ್ಳುವುದು ಹಾಗೆ ಎಂಬುದು ಮಕ್ಕಳಿಗೆ ಕಣ್ಣಾರೆ ಕಾಣಲಿ. ವಿವರಣೆ ನಾಲ್ಕನೇ ಕ್ಲಾಸು ಓದಿದವರಿಗೆ ಅರ್ಥವಾಗುವ ಕನ್ನಡದಲ್ಲಿರಲಿ. ಉದ್ಘಾಟನೆಗೆ ಮಂತ್ರಿಗಾಗಿ ಮೂರು ಗಂಟೆ ಕಾಯುವುದು ಬೇಡ. ಮಂದೆ ಕಾದು ಮುಪ್ಪಾದ ಒಬ್ಬ ದನಗಾಹಿ ಸಾಕು. ಇದಕ್ಕೆ ಕಾಲವೂ ಕೂಡಿಬಂದಿದೆ. 2026ನೇ ಇಸವಿ ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷವೆಂದು ವಿಶ್ವಸಂಸ್ಥೆ 2022ರಲ್ಲೇ ಗೊತ್ತುಮಾಡಿದೆ. ಹುಲ್ಲುಗಾವಲು ಪಾಳಲ್ಲ ಎಂದು ಜಗತ್ತು ಒಪ್ಪುತ್ತಿರುವಾಗ, ಅದನ್ನು ಮುನ್ನೂರು ವರ್ಷ ಕಾಯ್ದು ತೋರಿಸಿದ ನಾವು ಸುಮ್ಮನಿರುವುದು ನಾಚಿಕೆಗೇಡು.

ಪ್ರದರ್ಶನವೊಂದರಿಂದ ಕಾವಲು ಉಳಿಯುತ್ತದೆಂದು ನಂಬುವಷ್ಟು ನಾವು ಮುಗ್ಧರಲ್ಲ. ಅದಕ್ಕೆ ಕಾನೂನು ಬೇಕು, ಹೋರಾಟ ಬೇಕು, ಹಳ್ಳಿಯವರ ಒಪ್ಪಿಗೆಯಿಲ್ಲದೆ ಒಂದು ಗುಂಟೆಯನ್ನೂ ಕೊಡಬಾರದೆಂಬ ಹಟ ಬೇಕು. ಆದರೆ ನಾಳೆ ಮತ್ತೊಬ್ಬ ಅಧಿಕಾರಿ ಜೀಪಿನಿಂದ ಇಳಿದು, ಕೈ ಬೀಸಿ, "ಇಲ್ಲಿ ಏನೂ ಇಲ್ಲವಲ್ಲ" ಎಂದಾಗ, "ಇದೆ ಸಾರ್, ಬನ್ನಿ, ತೋರಿಸುತ್ತೇವೆ" ಎನ್ನುವ ಹತ್ತು ಜನ ಊರಲ್ಲಿರಬೇಕು. ಆ ಹತ್ತು ಜನರನ್ನು ತಯಾರು ಮಾಡುವುದು ಕಲೆಯ ಕೆಲಸ.

ಆ ಹುಡುಗ ಈಗ ದೊಡ್ಡವನಾಗಿರಬೇಕು. ಎಲ್ಲಿದ್ದಾನೋ, ಚಿತ್ರ ಬರೆಯುವುದನ್ನು ಬಿಟ್ಟನೋ ಗೊತ್ತಿಲ್ಲ. ಅವನ ಹಾಳೆಯನ್ನು ನಾವು ಉಳಿಸಿಕೊಳ್ಳಲಿಲ್ಲ. ಮುಂದಿನ ಜೂನ್ ಐದಕ್ಕೆ ತೀರ್ಪುಗಾರರಾಗಿ ಕೂರುವ ಮೇಷ್ಟರುಗಳಲ್ಲಿ ನಮ್ಮದೊಂದೇ ಬೇಡಿಕೆ. ಎಂಬತ್ತು ಹಸಿರು ಹಾಳೆಗಳ ನಡುವೆ ಒಂದು ಒಣಹುಲ್ಲಿನ ಬಣ್ಣದ ಹಾಳೆ ಬಂದರೆ ಪಕ್ಕಕ್ಕಿಡಬೇಡಿ. ಒಮ್ಮೆ ಕಿಟಕಿಯಾಚೆ ನೋಡಿ, ಆಮೇಲೆ ಅಂಕ ಹಾಕಿ.